ಮೊಟ್ಟೆಯೂ ಬೇಕು, ಕೋಳಿಯೂ ಬೇಕು: ಹವಳ ಮತ್ತು ಅದರ ಪಾಚಿ



ನಮಗೆ ಪಾಠ ಹೇಳಿದ ಮೇಷ್ಟ್ರ ಹೆಸರಿನ ದತ್ತಿ ಉಪನ್ಯಾಸದಲ್ಲಿ ಮಾತಾಡಬೇಕೆಂದು ಕರೆ ಬಂದಾಗ ಹಿಗ್ಗಿದ್ದು ನಿಜ, ಅಳುಕಿದ್ದೂ ನಿಜ. ತರಗತಿಯಲ್ಲಿ ಯಾರು ಏನೇ ಉತ್ತರ ಕೊಡಲಿ, ಮೇಷ್ಟ್ರ ಮರುಪ್ರಶ್ನೆ ಒಂದೇ: ‘ಓದಿದ್ದೋ, ಕಂಡದ್ದೋ?’ ಓದಿದ್ದು ಎಂದವನನ್ನು ಕೂರಿಸುತ್ತಿದ್ದರು. ಕಂಡದ್ದು ಎಂದವನನ್ನು ಬೋರ್ಡಿನ ಹತ್ತಿರ ಕರೆದು ಚಿತ್ರ ಬರೆಸುತ್ತಿದ್ದರು. ನನ್ನ ಇವತ್ತಿನ ಮಾತು ಆ ಪ್ರಶ್ನೆಯ ಸುತ್ತಲೇ ಇದೆ. ಅವರ ಕ್ಷಮೆ ಕೋರಿ, ಅವರೊಡನೆ ಸಣ್ಣದೊಂದು ತಕರಾರನ್ನೂ ಎತ್ತುವವನಿದ್ದೇನೆ.

ಹವಳದ ಪೀಠಿಕೆ ಬೇಗ ಮುಗಿಸುತ್ತೇನೆ, ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಹವಳ ಗಿಡವಲ್ಲ, ಕಲ್ಲಲ್ಲ, ಪ್ರಾಣಿ. ಒಂದು ಬಾಯಿ, ಸುತ್ತ ಕುಟುಕುವ ಎಳೆಗಳು, ಒಳಗೆ ಚೀಲದಂಥ ಹೊಟ್ಟೆ, ಅಡಿಯಲ್ಲಿ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ದಿಬ್ಬ ಕಟ್ಟುವ ಹವಳಗಳ ಒಳಪದರದ ಕೋಶಗಳಲ್ಲಿ ಹೊಂಗಂದು ಬಣ್ಣದ ಪಾಚಿಗಳು ವಾಸವಾಗಿವೆ. ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಒಂದು ಚದರ ಸೆಂಟಿಮೀಟರಿಗೆ ಹತ್ತು ಲಕ್ಷದ ಲೆಕ್ಕ. 1881ರಲ್ಲಿ ಜರ್ಮನಿಯ ಕಾರ್ಲ್ ಬ್ರಾಂಟ್ ಇವಕ್ಕೆ ಝೂಕ್ಸಾಂಥೆಲ್ಲಾ ಎಂಬ ಹೆಸರಿಟ್ಟರು. ಉಂಗುರದಲ್ಲಿ ಕೂಡಿಸುವ ಕೆಂಪು ಹವಳ ಬೇರೆ. ಮೆಡಿಟರೇನಿಯನ್ ಕಡಲಿನ ಮಬ್ಬಿನಲ್ಲಿ ಬೆಳೆಯುವ ಅದಕ್ಕೆ ಪಾಚಿಯ ಹಂಗಿಲ್ಲ. ಜ್ಯೋತಿಷಿಗಳು ಮನ್ನಿಸಲಿ, ಇವತ್ತು ಅದರ ಸುದ್ದಿ ಎತ್ತುವುದಿಲ್ಲ.

ಆ ಪಾಚಿಯಿಂದ ಹವಳಕ್ಕೆ ಏನು ಲಾಭ? ಜಗಳ ಹುಟ್ಟಿದ್ದು ಇಲ್ಲಿ.

1920ರ ದಶಕದಲ್ಲಿ ಡಚ್ ವಿಜ್ಞಾನಿ ಬೊಸ್ಮಾ ಹವಳದ ಹೊಟ್ಟೆಯ ಮಡಿಕೆಗಳಲ್ಲಿ ಕಪ್ಪಿಟ್ಟು ಮುರುಟಿದ ಪಾಚಿಗಳನ್ನು ಕಂಡರು. ಹವಳ ತನ್ನ ಪಾಚಿಯನ್ನೇ ತಿಂದು ಅರಗಿಸುತ್ತಿದೆ ಎಂದರು. 1928ರಲ್ಲಿ ಮಾರಿಸ್ ಯಂಗ್ ಎಂಬ ಬ್ರಿಟಿಷ್ ತರುಣ ತಂಡ ಕಟ್ಟಿಕೊಂಡು ಗ್ರೇಟ್ ಬ್ಯಾರಿಯರ್ ರೀಫಿನ ಲೋ ದ್ವೀಪಗಳಿಗೆ ಹೋಗಿ, ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬಿಡಾರ ಹೂಡಿದರು. ಬೆಳಕು ನುಸುಳದ ಪೆಟ್ಟಿಗೆಯಲ್ಲಿ ಹವಳಗಳನ್ನಿಟ್ಟರು. ಪಾಚಿ ಹೋಯಿತು, ಮೇವು ಸಿಕ್ಕ ಹವಳ ಬದುಕಿತು. ಉಪವಾಸ ಬಿದ್ದ ಹವಳಗಳು ಪಾಚಿಯನ್ನು ಹೊರಕ್ಕೆ ಉಗಿದವು. ಯಂಗ್ ಕೊಟ್ಟ ತೀರ್ಪು: ಹವಳ ಅಪ್ಪಟ ಮಾಂಸಾಹಾರಿ, ಪಾಚಿ ಅದರ ಕಲ್ಮಶ ಹೀರುವ ಮೋರಿ. ಬೊಸ್ಮಾ ಕಂಡದ್ದು ಊಟವಲ್ಲ, ಹೊರಹೋಗಲು ಸಾಲು ನಿಂತ ಕಸ.

ಯಂಗ್ ಅವರ ಪ್ರಯೋಗ ಅಚ್ಚುಕಟ್ಟು, ತರ್ಕದಲ್ಲಿ ತೂತಿದೆ. ಪಾಚಿಯಿಲ್ಲದೆಯೂ ಬದುಕಬಲ್ಲದು ಎಂದ ಮಾತ್ರಕ್ಕೆ ಪಾಚಿಯನ್ನು ತಿನ್ನುವುದೇ ಇಲ್ಲ ಎಂದಾಯಿತೆ? ಜೋಳ ಕೈಕೊಟ್ಟ ವರ್ಷ ಅಕ್ಕಿ ಉಂಡವನನ್ನು ಇವನು ರೊಟ್ಟಿ ಮುಟ್ಟುವವನೇ ಅಲ್ಲ ಎಂದ ಹಾಗಾಯಿತು. ಆದರೂ ಯಂಗ್ ದೊಡ್ಡವರಾದರು, ಬೊಸ್ಮಾ ಅಡಿಟಿಪ್ಪಣಿಗೆ ಸರಿದರು.

1960ರ ದಶಕದಲ್ಲಿ ಅಮೆರಿಕದ ಲೆನಾರ್ಡ್ ಮಸ್ಕಟೈನ್ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಹೊರಟರು. ಬೆಳಕಿನಲ್ಲಿ ಪಾಚಿ ತಯಾರಿಸಿದ ಗ್ಲಿಸರಾಲಿನಂಥ ವಸ್ತುಗಳು ಹವಳದ ಮೈಗೆ ಸೋರುತ್ತವೆ. ಬೇರ್ಪಡಿಸಿದ ಪಾಚಿಗೆ ಹವಳದ ಅಂಗಾಂಶದ ರಸ ತಾಗಿಸಿದರೆ ಇನ್ನಷ್ಟು ಸೋರುತ್ತವೆ. ಮೋರಿಯ ಸಿದ್ಧಾಂತ ಅಲ್ಲಿಗೆ ಬಿತ್ತು. ಆದರೆ ಬೊಸ್ಮಾರನ್ನು ಯಾರೂ ಮರಳಿ ಕರೆಯಲಿಲ್ಲ. ಬದಲಿಗೆ ‘ಸಹಜೀವನ’ ಎಂಬ ಸುಂದರ ಚಿತ್ರ ಗೋಡೆಗೆ ಬಂತು: ಪಾಚಿ ಸಕ್ಕರೆ ಕೊಡುತ್ತದೆ, ಹವಳ ಮನೆ ಕೊಡುತ್ತದೆ, ಇಬ್ಬರೂ ಸುಖಿ. ಲಗ್ನಪತ್ರಿಕೆಯ ಒಕ್ಕಣೆಯಂತೆ ಓದಿಸಿಕೊಳ್ಳುತ್ತದೆ.

ನನ್ನ ಆಕ್ಷೇಪ ಸರಳ. ಬರೀ ಬೆಲ್ಲ ತಿಂದು ಮೈ ಬೆಳೆಯುವುದಿಲ್ಲ. ಮೈಗೆ ಸಾರಜನಕ ಬೇಕು, ರಂಜಕ ಬೇಕು. ಹವಳದ ದಿಬ್ಬದ ನೀರು ತಿಳಿಯಾಗಿರುವುದೇ ಅದರಲ್ಲಿ ಇವೆರಡೂ ಅತ್ಯಲ್ಪ ಎಂಬ ಕಾರಣಕ್ಕೆ. ಪಾಚಿ ಅಮೈನೋ ಆಮ್ಲವನ್ನೂ ಕೊಡುತ್ತದಲ್ಲ ಎನ್ನುವವರಿದ್ದಾರೆ. ಒಪ್ಪಿದೆ. ಅಮೈನೋ ಆಮ್ಲದಲ್ಲಿ ರಂಜಕವಿಲ್ಲ. ಅದನ್ನು ಎಲ್ಲಿಂದ ತರುತ್ತಾರೆ?

ನಾನು ಕಂಡದ್ದನ್ನೂ ಹೇಳಬೇಕು. ಹವಳವನ್ನು ನಾವು ಮನಸ್ಸಿಗೆ ಬಂದಂತೆ ತರುವಂತಿಲ್ಲ, ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹಾಗಾಗಿ ಅಕ್ವೇರಿಯಂ ಅಂಗಡಿಯವರು ಪೀಡೆ ಎಂದು ಕಿತ್ತೆಸೆಯುವ ಐಪ್ಟೇಸಿಯಾ ಎಂಬ ಪುಟ್ಟ ಕಡಲಹೂವನ್ನು ಗಾಜಿನ ಬಟ್ಟಲಲ್ಲಿ ಸಾಕಿದೆ. ಅದರೊಳಗೂ ಇದೇ ಕುಲದ ಪಾಚಿ. ಕೆಲವು ವಾರ ಮೇವು ನಿಲ್ಲಿಸಿದೆ. ಒಂದು ಬೆಳಗ್ಗೆ ಬಾಯಿಯಿಂದ ಲೋಳೆಗೆ ಸುತ್ತಿದ ಕಂದು ನೂಲೊಂದು ಇಳಿಬಿದ್ದಿತ್ತು. ಸೂಜಿಯ ಮೊನೆಯಲ್ಲೆತ್ತಿ ಸ್ಲೈಡಿಗೆ ಹಾಕಿ ನೋಡಿದರೆ ಕೆಲವು ಪಾಚಿ ಸಾಸಿವೆಯಂತೆ ದುಂಡಗೆ, ಹೊಳಪಾಗಿ. ಕೆಲವು ಒಣದ್ರಾಕ್ಷಿಯಂತೆ ಸುಕ್ಕಿ, ಕಪ್ಪಗೆ. ದುಂಡಗಿನವು ಯಂಗ್ ಅವರ ಸಾಕ್ಷಿಗಳು, ಸುಕ್ಕಿದವು ಬೊಸ್ಮಾರ ಸಾಕ್ಷಿಗಳು. ಎರಡೂ ಒಂದೇ ಸ್ಲೈಡಿನಲ್ಲಿ. ಎಷ್ಟು ಹೊತ್ತು ಕಣ್ಣಿಟ್ಟರೂ ತೀರ್ಪು ಹೊರಬರಲಿಲ್ಲ.

ಮೇಷ್ಟ್ರೊಡನೆ ನನ್ನ ತಕರಾರು ಇದೇ. ಬೊಸ್ಮಾ ಕಂಡವರು, ಯಂಗ್ ಕೂಡ ಕಂಡವರು. ಬೋರ್ಡಿಗೆ ಕರೆದಿದ್ದರೆ ಇಬ್ಬರೂ ಒಂದೇ ಚಿತ್ರ ಬರೆಯುತ್ತಿದ್ದರು. ಇಲ್ಲಿ ಲೆಕ್ಕ ಇಡುವವರು ಬೇಕಿತ್ತು.

ಲೆಕ್ಕ ಬಂದದ್ದು 2023ರಲ್ಲಿ, ನೇಚರ್ ಪತ್ರಿಕೆಯಲ್ಲಿ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು ಹವಳಗಳಿಗೆ ಮೇವು ಹಾಕದೆ, ನೀರಿನಲ್ಲಿ ಸಾರಜನಕ ಮತ್ತು ರಂಜಕದ ಲವಣಗಳನ್ನಷ್ಟೇ ಬೆರೆಸಿ ಸಾಕಿದರು. ಆ ಲವಣ ಹೀರಬಲ್ಲದ್ದು ಪಾಚಿ. ಆದರೂ ಹವಳ ಬೆಳೆಯಿತು. ಒಳಗೆ ಹುಟ್ಟಬೇಕಾದ ಪಾಚಿಗೂ ಉಳಿದ ಪಾಚಿಗೂ ಲೆಕ್ಕ ಹಾಕಿದರೆ, ಹೆಚ್ಚುವರಿ ಪಾಚಿ ಹವಳದ ಹೊಟ್ಟೆ ಸೇರಿತ್ತು. ತೊಟ್ಟಿಯ ಮಾತು ಕಡಲಿಗೆ ಹೊಂದುತ್ತದೆಯೆ ಎಂಬ ಸಂಶಯಕ್ಕೂ ಅವರಲ್ಲಿ ಉತ್ತರವಿದೆ. ಹಿಂದೂ ಮಹಾಸಾಗರದ ಚಾಗೋಸ್‌ನಲ್ಲಿ ಕಡಲ ಹಕ್ಕಿಗಳು ಕಿಕ್ಕಿರಿದ ದ್ವೀಪಗಳಿವೆ, ಇಲಿ ಹೊಕ್ಕು ಹಕ್ಕಿ ಕಾಣೆಯಾದ ದ್ವೀಪಗಳೂ ಇವೆ. ಹಕ್ಕಿಗಳ ಹಿಕ್ಕೆ ತೊಳೆದು ಇಳಿಯುವ ಕಡೆ ಹವಳ ಬೇಗ ಬೆಳೆದಿತ್ತು. ಹಿಕ್ಕೆಯ ಸಾರಜನಕದ ಗುರುತು ಹವಳದ ಮೈಯಲ್ಲೂ ಸಿಕ್ಕಿತು.

ಹಾಗಾದರೆ ಇದು ಸಹಜೀವನವಲ್ಲ, ಕೋಳಿ ಸಾಕಣೆ. ಹವಳ ದಿನಾ ಸಕ್ಕರೆಯೆಂಬ ಮೊಟ್ಟೆ ತೆಗೆದುಕೊಳ್ಳುತ್ತದೆ, ಪಾಚಿಯೆಂಬ ಕೋಳಿ ಹೆಚ್ಚಾದಾಗ ಕೊಯ್ಯುತ್ತದೆ. ಮಸ್ಕಟೈನ್ ಮೊಟ್ಟೆ ಕಂಡರು, ಬೊಸ್ಮಾ ಗರಿ ಕಂಡಿದ್ದರು.

ಕಡಲು ಕಾದಾಗ ಹವಳ ಪಾಚಿ ಕಳೆದುಕೊಂಡು ಬಿಳಿಚುವುದನ್ನೂ ಹೀಗೆಯೇ ಓದಬೇಕು. ಪಾಚಿಯೊಳಗೆ ಹುಟ್ಟುವ ವಿಷಕಾರಿ ಆಮ್ಲಜನಕವೇ ಸಕಲಕ್ಕೂ ಮೂಲ ಎಂಬ ಹಳೆಯ ವಾದ ನನಗೆ ಅರ್ಧ ಕಥೆಯಾಗಿ ಕಾಣುತ್ತದೆ. 2021ರಲ್ಲಿ ನಿಲ್ಸ್ ರೇಡೆಕರ್ ಮತ್ತು ಸಂಗಡಿಗರು ಕೆಂಪು ಸಮುದ್ರದ ಹವಳದಲ್ಲಿ ತೋರಿಸಿದ್ದು ಇದು: ಬಿಸಿಗೆ ಹವಳದ ಖರ್ಚು ಏರುತ್ತದೆ, ಅದು ತನ್ನ ಅಮೈನೋ ಆಮ್ಲಗಳನ್ನೇ ಉರಿಸುತ್ತದೆ, ಆಗ ಹೊರಬೀಳುವ ಅಮೋನಿಯಂ ಪಾಚಿಗೆ ಗೊಬ್ಬರವಾಗುತ್ತದೆ, ಪಾಚಿ ಸಕ್ಕರೆಯನ್ನು ತನಗೇ ಇಟ್ಟುಕೊಂಡು ಬೆಳೆಯುತ್ತದೆ. ಬಿಳಿಚುವ ಮೊದಲೇ ಮೊಟ್ಟೆ ನಿಂತಿರುತ್ತದೆ. ಲಕ್ಷದ್ವೀಪ 1998, 2010, 2016ರಲ್ಲಿ ಬಿಳಿಚಿದಾಗ ನಮ್ಮ ಕಣ್ಣಿಗೆ ಬಿದ್ದದ್ದು ಹಸಿವಿನ ಕೊನೆಯ ಅಂಕ.

ಚಾಗೋಸ್ ಮತ್ತು ಲಕ್ಷದ್ವೀಪ ಒಂದೇ ಕಡಲಡಿಯ ಏಣಿನ ಎರಡು ತುದಿಗಳು. ಲಕ್ಷದ್ವೀಪದ ಕವರಟ್ಟಿಯ ವಾಯವ್ಯಕ್ಕೆ ಪಿಟ್ಟಿ ಎಂಬ ಮರಳುದಿಬ್ಬವಿದೆ. ಮರವಿಲ್ಲ, ಮನೆಯಿಲ್ಲ, ರೀವ ಹಕ್ಕಿಗಳು ಗೂಡು ಮಾಡುತ್ತವೆ. ಮುಂದಿನ ಸಾಲಿನಲ್ಲಿ ಕೂತ ಎಂ.ಎಸ್‌ಸಿ. ಮಕ್ಕಳಲ್ಲಿ ನನ್ನ ವಿನಂತಿ: ಅನುಮತಿ ಪಡೆದು ಅಲ್ಲಿಗೆ ಹೋಗಿ, ಅಲ್ಲಿನ ಹವಳದ ಸಾರಜನಕವನ್ನು ಅಳೆಯಿರಿ. ಮುಂದಿನ ವರ್ಷ ಈ ವೇದಿಕೆಯ ಮೇಲೆ ನೀವು ಮಾತಾಡಿ, ನಾನು ಕೆಳಗೆ ಕೂರುತ್ತೇನೆ.