ಕೆರೆಯ ಕಳೆ, ಬಣ್ಣದ ನೀರು, ನಮ್ಮ ಲೆಕ್ಕ

(ಸಂಘದ ಬೆಳ್ಳಿಹಬ್ಬದ ಸರ್ವ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು)



ನಾನು ಓದಿದ್ದು ಎಸ್ಸೆಸ್ಸೆಲ್ಸಿ. ವಿಜ್ಞಾನ ಹೇಳುವಷ್ಟು ದೊಡ್ಡವನಲ್ಲ. ಆದರೆ ಕೆರೆಯ ವಿಷಯ ಬಂದಿದೆ, ಸುಮ್ಮನಿರಲು ಆಗುವುದಿಲ್ಲ.

ಕೋಲಾರದ ಬೆಟ್ಟದ ಅಂತರಗಂಗೆ ನಮಗೆ ಪುಣ್ಯತೀರ್ಥ. ನಮ್ಮ ಕೆರೆಯ ಅಂತರಗಂಗೆ ಮಾತ್ರ ಪೀಡೆ. ದಕ್ಷಿಣ ಅಮೆರಿಕದ ಗಿಡ. ಹೂವಿನ ಚೆಂದಕ್ಕೆ ಮರುಳಾಗಿ ನೂರು ವರ್ಷಕ್ಕೂ ಹಿಂದೆ ನಮ್ಮ ದೇಶಕ್ಕೆ ತಂದರಂತೆ. ನಾವು ಕಿತ್ತು ಏರಿ ಮೇಲೆ ಹಾಕುತ್ತೇವೆ, ಅದು ಮತ್ತೆ ಕೆರೆ ತುಂಬಾ ಹಾಸಿಕೊಳ್ಳುತ್ತದೆ.

ಈಗ ಕಾಲುವೆ ಪಕ್ಕದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಘಟಕ ಮಾಡಲು ಒಬ್ಬರು ಜಾಗ ಕೇಳಿದ್ದಾರೆ. "ನಿಮ್ಮ ಕಳೆಯನ್ನೇ ಒಣಗಿಸಿ, ಪುಡಿ ಮಾಡಿ, ಬಣ್ಣದ ನೀರು ಶುದ್ಧ ಮಾಡ್ತೀವಿ, ಕಳೆಗೂ ದುಡ್ಡು ಕೊಡ್ತೀವಿ" ಎನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಹಲವು ದೇಶಗಳ ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ ವಿದ್ಯೆಯೇ. ಒಣಗಿದ ಬೇರು, ದಂಟಿನ ನಾರಿಗೆ ಬಣ್ಣ ಅಂಟಿಕೊಳ್ಳುತ್ತದೆ.

ನಾನೂ ಮನೆಯಲ್ಲಿ ಮಾಡಿ ನೋಡಿದೆ. ಹಾಲಿನ ಗುಣ ನೋಡಲು ಡೇರಿಯವರು ಬಳಸುವ ಮೆಥಿಲೀನ್ ಬ್ಲೂ ನಿಮಗೆ ಗೊತ್ತು. ಆ ನೀಲಿ ನೀರಿಗೆ ಬೇರಿನ ಪುಡಿ ಹಾಕಿ, ಒಂದು ಗಂಟೆ ಕಲಕಿ, ಬಟ್ಟೆಯಲ್ಲಿ ಸೋಸಿದೆ. ನೀಲಿ ಬಹಳ ಮಟ್ಟಿಗೆ ಹೋಯಿತು. ನನಗೂ ಖುಷಿಯಾಯಿತು. ಆಮೇಲೆ ನಮ್ಮ ಭಾವಮೈದುನ ರೇಷ್ಮೆ ಅದ್ದಿದ ಕೆಂಪು ನೀರು ತಂದುಕೊಟ್ಟ. ಅದೇ ಪುಡಿ, ಅದೇ ಹೊತ್ತು. ಕೆಂಪು ಹಾಗೇ ಉಳಿಯಿತು!

ಯಾಕೆಂದು ಹೈಸ್ಕೂಲ್ ಮೇಷ್ಟ್ರನ್ನು ಕೇಳಿದೆ. ಪುಡಿಯ ಮೈಮೇಲೆ ಋಣ ವಿದ್ಯುತ್ತು, ಆ ನೀಲಿಗೆ ಧನ, ಅದಕ್ಕೇ ಅಂಟುತ್ತವೆ. ರೇಷ್ಮೆಗೆ ಹೆಚ್ಚಾಗಿ ಹಾಕುವ ಆಸಿಡ್ ಬಣ್ಣಗಳದ್ದೂ ಋಣ, ಒಂದನ್ನೊಂದು ದೂಡುತ್ತವೆ. ನೀರಿಗೆ ಆಸಿಡ್ ಬೆರೆಸಿದರೆ ಹಿಡಿದೀತು, ಆದರೆ ಆ ಹುಳಿ ನೀರನ್ನು ಮತ್ತೆ ಸರಿ ಮಾಡಬೇಕು. ಬಣ್ಣದ ಜೊತೆ ಇರುವ ಉಪ್ಪಂತೂ ಈ ಪುಡಿಯಿಂದ ಹೋಗುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ನೋಡಿ. ಹಸಿ ಗಿಡದಲ್ಲಿ ನೂರಕ್ಕೆ 90ರಿಂದ 95 ಭಾಗ ನೀರೇ. 100 ಕಿಲೋ ಹೊತ್ತರೆ ಒಣಗಿ ಸಿಗುವುದು 5ರಿಂದ 10 ಕಿಲೋ.

ಬಣ್ಣ ಕುಡಿದ ಪುಡಿ ಎಲ್ಲಿಗೆ ಹೋಗುತ್ತದೆ? ಗೊಬ್ಬರಕ್ಕೆ ಹಾಕುವ ಹಾಗಿಲ್ಲ, ದನಕ್ಕೂ ಬೇಡ. ಈ ಪ್ರಶ್ನೆ ನಂದಿದುರ್ಗ ಗಣಿಯ ಪಕ್ಕದವರಾದ ನಾವು ಕೇಳದೆ ಇನ್ಯಾರು ಕೇಳಬೇಕು? ಚಿನ್ನ ಹೋಯಿತು, 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ಗುಡ್ಡ ನಮ್ಮ ಪಾಲಿಗೆ ಉಳಿಯಿತು. ತಿರುಪ್ಪೂರಿನಲ್ಲಿ ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿ, 2011ರಲ್ಲಿ ಮದ್ರಾಸ್ ಹೈಕೋರ್ಟು ಘಟಕಗಳನ್ನೇ ಮುಚ್ಚಿಸಬೇಕಾಯಿತು.

ಕೆಲಸ ಬೇಡವೆನ್ನುವವನು ನಾನಲ್ಲ. ನಮ್ಮ ಹುಡುಗರು ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು ನನಗೂ ನೋವೇ. ಆದರೆ ಒಪ್ಪಿಗೆ ಕೊಡುವ ಮೊದಲು ಮೂರು ಕೇಳೋಣ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ತೋರಿಸಲಿ. ಅವರದೇ ಬಣ್ಣದ ನೀರನ್ನು ನಮ್ಮ ಕಣ್ಣೆದುರು ತೊಟ್ಟಿಯಲ್ಲಿ ಶುದ್ಧ ಮಾಡಿ, ಪ್ರಯೋಗಶಾಲೆಯ ವರದಿ ಕೊಡಲಿ. ಉಳಿದ ಪುಡಿ ಎಲ್ಲಿಗೆಂದು ಬರೆದುಕೊಡಲಿ.

ಹಾಲಿಗೆ ನೀರು ಬಿದ್ದರೆ ಲ್ಯಾಕ್ಟೋಮೀಟರ್ ಹಿಡಿದು ಒಬ್ಬರ ಕ್ಯಾನು ವಾಪಸ್ ಕಳಿಸುತ್ತೇವೆ. ಕೆರೆಗೆ ಬಣ್ಣ ಬಿದ್ದರೆ ಊರಿನ ಎಲ್ಲರ ಕ್ಯಾನೂ ಬರಿದಾಗುತ್ತದೆ. ಯೋಚನೆ ಮಾಡಿ ಕೈ ಎತ್ತಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.