ದ್ವೀಪದ ದೀಪಕ್ಕೆ ಎಣ್ಣೆ ಯಾವುದು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಇಂಧನ ವಿಚಾರ ಶಿಬಿರದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲಿನ ಊರಿನಲ್ಲಿ ಕುಳಿತು ಕಡಲ ನಡುವಿನ ದ್ವೀಪಗಳ ವಿದ್ಯುತ್ತಿನ ವಿಚಾರ ಎತ್ತಿಕೊಳ್ಳುವುದು ಮೇಲ್ನೋಟಕ್ಕೆ ಅಪ್ರಸ್ತುತವೆನಿಸಬಹುದು. ಆದರೆ ಇಂಧನದ ಪ್ರಶ್ನೆಯನ್ನು ಅರಿಯಲು ದ್ವೀಪಕ್ಕಿಂತ ಉತ್ತಮವಾದ ಪಾಠಶಾಲೆ ಇನ್ನೊಂದಿಲ್ಲ. ಕರ್ನಾಟಕದ ಮನೆಯೊಂದರಲ್ಲಿ ಗುಂಡಿ ಒತ್ತಿದಾಗ ಬೆಳಗುವ ದೀಪದಲ್ಲಿ ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಕೈಗಾದ ಅಣು, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಎಲ್ಲವೂ ಬೆರೆತಿರುತ್ತವೆ. ಯಾವುದು ಎಷ್ಟು ಎಂದು ಬಳಸುವವರಿಗೆ ತಿಳಿಯದು. ಯಾರ ಊರು ಮುಳುಗಿತು, ಯಾರ ಊರಿನ ಮೇಲೆ ಹಾರುಬೂದಿ ಬಿತ್ತು ಎಂಬುದೂ ಕಾಣದು. ದ್ವೀಪದಲ್ಲಿ ಇಂಥ ಮರೆವಿಗೆ ಅವಕಾಶವಿಲ್ಲ. ಅಲ್ಲಿ ತಂತಿಯ ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಎಂಜಿನ್. ಎಣ್ಣೆಯ ಹಡಗು ಬಾರದಿದ್ದರೆ ಊರಿಗೇ ಕತ್ತಲೆ.

ಡೀಸೆಲ್ಲಿನ ಆಳ್ವಿಕೆ

ಜಗತ್ತಿನ ಬಹುಪಾಲು ಚಿಕ್ಕ ದ್ವೀಪಗಳು ಇಂದಿಗೂ ಡೀಸೆಲ್ಲನ್ನೇ ನೆಚ್ಚಿಕೊಂಡಿವೆ. ಇದಕ್ಕೆ ಕಾರಣಗಳಿಲ್ಲದಿಲ್ಲ. ಕಲ್ಲಿದ್ದಲಿನ ಸ್ಥಾವರವನ್ನು ನೂರು ಮನೆಗಳ ಊರಿಗೆ ತಕ್ಕಷ್ಟು ಚಿಕ್ಕದಾಗಿ ಕಟ್ಟಲು ಬಾರದು. ಡೀಸೆಲ್ ಎಂಜಿನ್ ಹಾಗಲ್ಲ. ಅದು ಎಷ್ಟು ಚಿಕ್ಕದಾದರೂ ಸಿಗುತ್ತದೆ, ಕ್ಷಣಮಾತ್ರದಲ್ಲಿ ಚಾಲೂ ಆಗುತ್ತದೆ, ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ. ಪೀಪಾಯಿಯಲ್ಲಿ ತುಂಬಿಟ್ಟ ಎಣ್ಣೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ.

ಆದರೆ ಅದರ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ದೊರೆಯುವುದು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ತು ಮಾತ್ರ. ಇಂಧನದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗಿ ಗಾಳಿಗೆ ಹೋಗುತ್ತದೆ. ಜೊತೆಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಡುರಾತ್ರಿ ನಾಲ್ಕು ದೀಪ, ಎರಡು ಫ್ರಿಜ್‌ಗಳಿಗಾಗಿ ದೊಡ್ಡ ಎಂಜಿನ್ ಓಡಿಸಿದರೆ ಈ ಲೆಕ್ಕ ಇನ್ನೂ ಹದಗೆಡುತ್ತದೆ. ಇದರ ಮೇಲೆ ಹಡಗಿನ ಬಾಡಿಗೆ, ಇಳಿಸುವ ಕೂಲಿ, ಸೋರಿಕೆ.

ಲಕ್ಷದ್ವೀಪವನ್ನೇ ನೋಡಬಹುದು. ಕರ್ನಾಟಕಕ್ಕೂ ಅದಕ್ಕೂ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೂ ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಅವುಗಳ ಆಡಳಿತ ಮಂಗಳೂರಿನಿಂದಲೇ ನಡೆಯುತ್ತಿತ್ತು. ಹತ್ತು ಜನವಸತಿಯ ದ್ವೀಪಗಳು, ಎಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರ್ ನೆಲ, 2011ರ ಜನಗಣತಿಯಂತೆ 64,473 ಜನ. ಇಲ್ಲಿನ ವಿದ್ಯುತ್ತಿನ ಬಹುಪಾಲು ದಶಕಗಳ ಕಾಲ ದಡದಿಂದ ಬಂದ ಡೀಸೆಲ್ಲಿನಿಂದಲೇ ಹುಟ್ಟಿದೆ. ಮುಂಗಾರಿನಲ್ಲಿ ಕಡಲು ಮುನಿಯುತ್ತದೆ, ಸಣ್ಣ ಹಡಗುಗಳ ಓಡಾಟ ಕಷ್ಟವಾಗುತ್ತದೆ. ಮಲೆನಾಡಿನವರು ಮಳೆ ಹಿಡಿಯುವ ಮುನ್ನ ಕಟ್ಟಿಗೆ ಕೂಡಿಡುವಂತೆ ಅಲ್ಲಿ ಡೀಸೆಲ್ ಕೂಡಿಡಬೇಕು. ಆ ಹವಳದ ದ್ವೀಪಗಳಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿಗಳಿಗೆ ಅದೇ ಆಧಾರ. ಕೂಡಿಟ್ಟ ಎಣ್ಣೆ ಸೋರಿ ಮರಳಿಗಿಳಿದರೆ ಕೆಡುವುದು ಆ ಪದರವೇ.

ಬಿಸಿಲಂತೂ ಅಲ್ಲಿ ಹೇರಳ. ಬ್ಯಾಟರಿಯ ಬೆಂಬಲವುಳ್ಳ ಸೌರ ಸ್ಥಾವರವೊಂದು ಕವರತ್ತಿಯಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಆದರೆ ಫಲಕ ಹಾಸಲು ನೆಲ ಬೇಕು; ನೆಲದ ತುಂಬ ತೆಂಗು. ತೆಂಗು ಕಡಿದರೆ ಬದುಕು ಕಡಿದಂತೆ. ಆದುದರಿಂದ ಮನೆ, ಶಾಲೆ, ಕಚೇರಿಗಳ ಮಾಡೇ ಅಲ್ಲಿ ಸೂರ್ಯನಿಗೆ ತಕ್ಕ ಜಾಗ. ಯಾವ ಇಂಧನವೂ ನೆಲದ ಪ್ರಶ್ನೆಯಿಂದ ಮುಕ್ತವಲ್ಲ ಎಂಬುದು ದ್ವೀಪ ಕಲಿಸುವ ಮೊದಲ ಪಾಠ.

ಎಣ್ಣೆಯ ದಾರಿ

ಎರಡನೆಯ ಪಾಠ ಗಲಾಪಗೋಸ್ ದ್ವೀಪಗಳದು. ಡಾರ್ವಿನ್ನನ ಹೆಸರಿನೊಂದಿಗೆ ತಳಕುಹಾಕಿಕೊಂಡ ಈ ದ್ವೀಪಸಮೂಹ ಈಕ್ವಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರದಲ್ಲಿದೆ. 2001ರ ಜನವರಿಯಲ್ಲಿ 'ಜೆಸ್ಸಿಕಾ' ಎಂಬ ಎಣ್ಣೆ ಹಡಗು ಸಾನ್ ಕ್ರಿಸ್ಟೋಬಾಲ್ ದ್ವೀಪದ ಬಳಿ ನೆಲ ಕಚ್ಚಿತು. ಸುಮಾರು ಆರು ಲಕ್ಷ ಲೀಟರ್ ಡೀಸೆಲ್, ಮೂರು ಲಕ್ಷ ಲೀಟರ್ ಹಡಗಿನ ಇಂಧನ ಅದರಲ್ಲಿತ್ತು. ಬಹುಭಾಗ ಕಡಲು ಸೇರಿತು. ಗಾಳಿ ಮತ್ತು ಒಳಹರಿವು ಎಣ್ಣೆಯನ್ನು ದಡದಿಂದಾಚೆಗೆ ಒಯ್ದದ್ದರಿಂದ ಅನಾಹುತ ತಪ್ಪಿತೆಂದೇ ಆಗ ಭಾವಿಸಲಾಯಿತು. ಆದರೆ ಸಾಂತಾ ಫೆ ದ್ವೀಪದಲ್ಲಿ ಕಡಲ ಉಡಗಳನ್ನು ವರ್ಷಗಳಿಂದ ಎಣಿಸುತ್ತಿದ್ದ ವಿಜ್ಞಾನಿಗಳು ಬೇರೊಂದು ಸತ್ಯವನ್ನು ಕಂಡರು. ಮುಂದಿನ ಒಂದು ವರ್ಷದಲ್ಲಿ ಅಲ್ಲಿನ ಶೇಕಡಾ 62ರಷ್ಟು ಉಡಗಳು ಸತ್ತಿದ್ದವು. ಕಣ್ಣಿಗೆ ಕಾಣದಷ್ಟು ಅಲ್ಪ ಎಣ್ಣೆ ಅವುಗಳ ಹೊಟ್ಟೆಯಲ್ಲಿ ಪಾಚಿಯನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳನ್ನು ಕೊಂದಿರಬೇಕು ಎಂಬುದು ಅವರ ಊಹೆ.

ಈ ದುರಂತವೇ ಇಂಧನ ಬದಲಾವಣೆಗೆ ನಾಂದಿಯಾಯಿತು. 2007ರಲ್ಲಿ ಸಾನ್ ಕ್ರಿಸ್ಟೋಬಾಲ್‌ನಲ್ಲಿ ತಲಾ 800 ಕಿಲೋವಾಟ್‌ನ ಮೂರು ಗಾಳಿಯಂತ್ರಗಳು ತಿರುಗತೊಡಗಿದವು. ಅವುಗಳ ಸ್ಥಳ ಆಯ್ಕೆಯ ಕಥೆ ಗಮನಾರ್ಹ. ದ್ವೀಪದ ಎತ್ತರದ ತೇವಭರಿತ ಗುಡ್ಡಗಳಲ್ಲಿ ಅಳಿವಿನಂಚಿನ ಗಲಾಪಗೋಸ್ ಪೆಟ್ರೆಲ್ ಹಕ್ಕಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಅದರ ಗೂಡು ಮತ್ತು ಹಾರುದಾರಿಯನ್ನು ಅಭ್ಯಸಿಸಿ, ಅವುಗಳಿಂದ ದೂರವಾದ ಎಲ್ ಟ್ರೊಪೆಸೋನ್ ಎಂಬ ಗುಡ್ಡವನ್ನು ಆರಿಸಲಾಯಿತು. ತಂತಿಯ ಒಂದು ಭಾಗವನ್ನು ನೆಲದಡಿ ಹೂಳಲಾಯಿತು. ಗಾಳಿಯಂತ್ರವೆಂದ ಮಾತ್ರಕ್ಕೆ ಅದು ಪರಿಸರಸ್ನೇಹಿಯಾಗುವುದಿಲ್ಲ. ಎಲ್ಲಿ, ಹೇಗೆ ನಿಲ್ಲಿಸಿದರು ಎಂಬುದೇ ಮುಖ್ಯ. ಪಶ್ಚಿಮ ಘಟ್ಟದ ಶಿಖರಗಳಿಗೆ ರಸ್ತೆ ಕಡಿದು ಕಂಬ ನೆಡಲು ಹೊರಡುವವರು ಓದಬೇಕಾದ ಪಾಠವಿದು.

ಅದೇ ಸಮೂಹದ ಫ್ಲೋರಿಯಾನಾ ಎಂಬ ಪುಟ್ಟ ದ್ವೀಪದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿನ ಎಂಜಿನ್ನುಗಳಿಗೆ ಜತ್ರೋಫಾ, ಅಂದರೆ ಕಾಡುಹರಳಿನ ಎಣ್ಣೆಯನ್ನು ಉಣಿಸಲಾಯಿತು. ಬೀಜ ಬಂದದ್ದು ಈಕ್ವಡಾರ್‌ನ ಮನಾಬಿ ಪ್ರಾಂತದ ರೈತರ ಬೇಲಿಗಳಿಂದ. ಅದಕ್ಕೆಂದು ಹೊಲ ಬಿಟ್ಟುಕೊಡಲಿಲ್ಲ, ಕಾಡು ಕಡಿಯಲಿಲ್ಲ. ಇದರೊಡನೆ ಭಾರತದ ಅನುಭವವನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2003ರ ನಂತರ ಇಲ್ಲಿ ಅದೇ ಗಿಡವನ್ನು ಬಂಜರು ನೆಲದ ಬಂಗಾರವೆಂದು ಸಾರಿ ಲಕ್ಷಾಂತರ ಎಕರೆಗಳ ಕನಸು ಕಾಣಲಾಯಿತು. ನೀರು, ಗೊಬ್ಬರಗಳಿಲ್ಲದ ನೆಲದಲ್ಲಿ ಬೀಜ ಕಚ್ಚಲಿಲ್ಲ. ಬಂಜರೆಂದು ಹೆಸರಿಟ್ಟ ನೆಲ ಅನೇಕ ಕಡೆ ದನ ಮೇಯುವ ಗೋಮಾಳವಾಗಿತ್ತು. ಬೇಲಿಗೆ ಒಗ್ಗುವ ಗಿಡ ತೋಟವಾಗಿ ಸೋತಿತು. ಕರ್ನಾಟಕದ ಹಳ್ಳಿಗಳು ಹೊಂಗೆಯೆಣ್ಣೆಯ ದೀಪವನ್ನು ತಲೆಮಾರುಗಳಿಂದ ಬಲ್ಲವು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆಯೆಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ್ದರು. ಬದುವಿನ ಹೊಂಗೆ ಊರಿನ ಪಂಪು ಓಡಿಸೀತು. ನಗರದ ಕಾರುಗಳನ್ನೆಲ್ಲ ಓಡಿಸಲಾರದು. ಇಂಧನಕ್ಕೂ ಅದರದೇ ಆದ ಅಳತೆಯುಂಟು.

ಗಾಳಿ ಮತ್ತು ನೀರಿನ ಜೋಡಿ

ಅಟ್ಲಾಂಟಿಕ್ ಸಾಗರದಲ್ಲಿ, ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಎಲ್ ಹಿಯೆರೋ ಒಂದು. ಹನ್ನೊಂದು ಸಾವಿರದಷ್ಟು ಜನರ ಜ್ವಾಲಾಮುಖಿ ದ್ವೀಪ. 2014ರ ಜೂನ್‌ನಲ್ಲಿ ಅಲ್ಲಿ ಗೊರೋನಾ ದೆಲ್ ವಿಯೆಂತೋ ಎಂಬ ಯೋಜನೆ ಉದ್ಘಾಟನೆಗೊಂಡಿತು. 11.5 ಮೆಗಾವಾಟ್‌ನ ಐದು ಗಾಳಿಯಂತ್ರಗಳು. ಗಾಳಿ ಹೆಚ್ಚಾದಾಗ ಉಳಿದ ವಿದ್ಯುತ್ತಿನಿಂದ ಕೆಳಗಿನ ಕೊಳದ ನೀರನ್ನು ಸುಮಾರು 650 ಮೀಟರ್ ಎತ್ತರದ ಮೇಲಿನ ಕೊಳಕ್ಕೆ ಏರಿಸುವ ಪಂಪುಗಳು. ಗಾಳಿ ನಿಂತಾಗ ಆ ನೀರನ್ನು ಕೆಳಗಿಳಿಸಿ ವಿದ್ಯುತ್ ಪಡೆಯುವ ಟರ್ಬೈನುಗಳು. ಮೇಲಿನ ಕೊಳ ಹಳೆಯ ಜ್ವಾಲಾಮುಖಿಯ ಬಾಯಿ. ನದಿಯಿಲ್ಲದ ದ್ವೀಪವಾದ್ದರಿಂದ ಕೊಳಗಳಿಗೆ ತುಂಬಿದ್ದು ಉಪ್ಪು ತೆಗೆದ ಕಡಲ ನೀರು.

ಫಲಿತಾಂಶವನ್ನು ಪ್ರಾಮಾಣಿಕವಾಗಿ ನೋಡಬೇಕು. 2019ರ ಬೇಸಗೆಯಲ್ಲಿ ಈ ದ್ವೀಪ ಸತತ 24 ದಿನಗಳ ಕಾಲ ಒಂದು ಹನಿ ಡೀಸೆಲ್ ಸುಡದೆ ಬಾಳಿತು. ಆದರೆ ವರ್ಷದ ಲೆಕ್ಕದಲ್ಲಿ ಉತ್ತಮ ವರ್ಷಗಳಲ್ಲೂ ಗಾಳಿ–ನೀರಿನ ಪಾಲು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಕಾರಣ ಸರಳ. ಕೆಳಗಿನ ಕೊಳದಲ್ಲಿ ಹಿಡಿಯುವುದು 1,50,000 ಘನಮೀಟರ್ ನೀರು. ಅಷ್ಟು ನೀರು ಒಮ್ಮೆ ಇಳಿದರೆ ದೊರೆಯುವ ವಿದ್ಯುತ್ತು ಒಂದೆರಡು ದಿನಗಳಿಗೆ ಸಾಲುತ್ತದೆ. ವಾರಗಟ್ಟಲೆ ಗಾಳಿ ಸತ್ತರೆ ಡೀಸೆಲ್ಲೇ ಗತಿ.

ಈ ಮಾತು ಮಲೆನಾಡಿಗೆ ನೇರವಾಗಿ ತಟ್ಟುತ್ತದೆ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಇದೇ ತತ್ವದ 2,000 ಮೆಗಾವಾಟ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಸುರಂಗಗಳ ದಾರಿ ಸಿಂಗಳೀಕಗಳ ಅಭಯಾರಣ್ಯದ್ದು. 'ದ್ವೀಪದಲ್ಲಿ ಒಳ್ಳೆಯದೆಂದು ಹೊಗಳುವುದು ಇಲ್ಲಿ ಹೇಗೆ ಕೆಟ್ಟದ್ದು?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಇದೆ. ಮೊದಲನೆಯದಾಗಿ, ನೀರೆತ್ತುವ ಯೋಜನೆ ಇಂಧನವಲ್ಲ, ಕಣಜ. ಹಾಕಿದ ನಾಲ್ಕು ಯೂನಿಟ್ಟಿನಲ್ಲಿ ಹಿಂದಕ್ಕೆ ಬರುವುದು ಹೆಚ್ಚುಕಡಿಮೆ ಮೂರು. ಕಣಜ ಬೇಕೇ ಎಂಬುದು ಕಾಳು ಎಷ್ಟಿದೆ, ಉಣ್ಣುವವರು ಯಾರು ಎಂಬುದನ್ನು ಅವಲಂಬಿಸಿದೆ. ಎರಡನೆಯದಾಗಿ, ಎಲ್ ಹಿಯೆರೋದ ಕೊಳ ಹನ್ನೊಂದು ಸಾವಿರ ಜನ ತಮ್ಮ ಅಗತ್ಯಕ್ಕೆ ಕಟ್ಟಿಕೊಂಡದ್ದು. ನಷ್ಟವೂ ಅವರದೇ, ಬೆಳಕೂ ಅವರದೇ. ಶರಾವತಿಯಲ್ಲಿ ಕಾಡು ಕಣಿವೆಯದು, ಬೇಡಿಕೆ ದೂರದ ನಗರಗಳದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದಾಗ ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯ ಹಳ್ಳಿಗಳು ತಾವೇ ನಡುಗಡ್ಡೆಗಳಾದವು. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಅವರಿಗೆ ಲಾಂಚೇ ಆಸರೆ. ಈ ಇತಿಹಾಸವನ್ನು ಬಿಟ್ಟು ತಂತ್ರಜ್ಞಾನವನ್ನಷ್ಟೇ ತೂಗಲಾಗದು.

ಮಿತಿಯ ಪಾಠ

ಕೊನೆಯದಾಗಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಎಗ್ ದ್ವೀಪ. ನೂರರ ಆಸುಪಾಸು ಜನ. ಒಡೆಯರ ಕೈಯಿಂದ ಕೈಗೆ ಮಾರಾಟವಾಗುತ್ತಿದ್ದ ಈ ದ್ವೀಪವನ್ನು 1997ರಲ್ಲಿ ಅಲ್ಲಿನ ನಿವಾಸಿಗಳೇ ಟ್ರಸ್ಟ್ ಮೂಲಕ ಕೊಂಡರು. ಆಗ ಮನೆಮನೆಗೂ ಒಂದೊಂದು ಡೀಸೆಲ್ ಜನರೇಟರ್ ಇತ್ತು. ದಿನಕ್ಕೆ ಕೆಲವೇ ಗಂಟೆಗಳ ಬೆಳಕು. 2008ರ ಫೆಬ್ರವರಿಯಲ್ಲಿ ಊರಿನದೇ ಆದ ವಿದ್ಯುತ್ ಜಾಲ ಆರಂಭವಾಯಿತು. ತೊರೆಗಳಿಂದ ಸುಮಾರು 110 ಕಿಲೋವಾಟ್ ಕಿರುಜಲವಿದ್ಯುತ್, ನಾಲ್ಕು ಚಿಕ್ಕ ಗಾಳಿಯಂತ್ರಗಳಿಂದ 24 ಕಿಲೋವಾಟ್, ಮೊದಲು 10 ಕಿಲೋವಾಟ್‌ನಷ್ಟಿದ್ದು ಮುಂದೆ 50ಕ್ಕೇರಿದ ಸೌರ ಫಲಕಗಳು, ಒಂದು ಬ್ಯಾಟರಿ ಕೋಣೆ, ಆಪತ್ತಿಗೆ ಎರಡು ಡೀಸೆಲ್ ಎಂಜಿನ್. ವರ್ಷದ ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲು ನೀರು, ಗಾಳಿ, ಬಿಸಿಲಿನದು.

ಈ ವ್ಯವಸ್ಥೆಯ ಜೀವಾಳ ಯಂತ್ರದಲ್ಲಿಲ್ಲ, ಒಪ್ಪಂದದಲ್ಲಿದೆ. ಒಂದು ಮನೆ ಏಕಕಾಲಕ್ಕೆ 5 ಕಿಲೋವಾಟ್‌ಗಿಂತ ಹೆಚ್ಚು ಬಳಸುವಂತಿಲ್ಲ. ಅಂಗಡಿ, ಉದ್ಯಮಗಳಿಗೆ 10 ಕಿಲೋವಾಟ್. ಬಡವರಿಗೂ ಬಲ್ಲಿದರಿಗೂ ಒಂದೇ ಮಿತಿ. ಮಳೆಗಾಳಿ ಜೋರಾಗಿ ವಿದ್ಯುತ್ತು ಮಿಕ್ಕಾಗ ಊರಿನ ಸಭಾಭವನ, ಚರ್ಚುಗಳನ್ನು ಅದರಿಂದ ಬೆಚ್ಚಗಿಡುತ್ತಾರೆ. ಮಿಕ್ಕದ್ದು ಎಲ್ಲರದು ಎಂಬ ನೀತಿ.

ಮಿತ್ರರೇ, ಘಟ್ಟದ ಒಂಟಿ ಮನೆಗಳೂ ಒಂದರ್ಥದಲ್ಲಿ ದ್ವೀಪಗಳೇ. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲೆ. ಆ ದಿನಗಳಲ್ಲೇ ಮನೆಯ ಹಿಂದಿನ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಮಲೆನಾಡಿನ ಹಲವು ತೋಟಗಳಲ್ಲಿ ಒಂದು ಕಿಲೋವಾಟ್ ಆಸುಪಾಸಿನ ಕಿರು ಟರ್ಬೈನುಗಳು ಈಗಾಗಲೇ ತಿರುಗುತ್ತಿವೆ. ಹಳ್ಳ ಬತ್ತುವ ಮಾರ್ಚ್–ಏಪ್ರಿಲ್‌ನಲ್ಲಿ ಬಿಸಿಲು ಪ್ರಖರ. ನೀರು ಸೋತಾಗ ಸೂರ್ಯ, ಸೂರ್ಯ ಮರೆಯಾದಾಗ ನೀರು. ಇಂಥ ಜೋಡಿ ಎಗ್ ದ್ವೀಪಕ್ಕಷ್ಟೇ ಒಲಿದದ್ದಲ್ಲ. ಆದರೆ ಹಳ್ಳದ ನೀರನ್ನೆಲ್ಲ ಪೈಪಿಗೆ ಹರಿಸಿ ಕೆಳಗಿನ ಮೀನಿಗೂ ಕೆಳಗಿನ ಮನೆಗೂ ಉಳಿಸದಿದ್ದರೆ ಅದೂ ಇನ್ನೊಂದು ಅಣೆಕಟ್ಟೇ.

ಯಾವ ಯೋಜನೆ ಬಾಗಿಲಿಗೆ ಬಂದರೂ ಹಳ್ಳಿಗರೂ ವಿದ್ಯಾರ್ಥಿಗಳೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ಇಂಧನ ಎಲ್ಲಿಂದ, ಯಾವ ದಾರಿಯಾಗಿ ಬರುತ್ತದೆ? ದಾರಿಯಲ್ಲಿ ಚೆಲ್ಲಿದರೆ ನೋಯುವವರು ಯಾರು? ಬೆಳಕು ಯಾರ ಮನೆಗೆ? ಎಷ್ಟಾದರೆ ಸಾಕು? ಗ್ರಾಮಸಭೆಯ ನಡಾವಳಿಯಲ್ಲಿ ಈ ನಾಲ್ಕಕ್ಕೂ ಲಿಖಿತ ಉತ್ತರ ದಾಖಲಾಗುವವರೆಗೆ ಯಾವ ಒಪ್ಪಿಗೆಯ ಕಾಗದಕ್ಕೂ ಸಹಿ ಬೀಳಬಾರದು.