ಒಂಟಿ ಆಟದ ಅರಸರು

ಎಲೆಯಾಟಕ್ಕೆ ಜೊತೆ ಬೇಕು, ಪಗಡೆಗೆ ಎದುರಾಳಿ ಬೇಕು. ಒಬ್ಬರೇ ಕುಳಿತು ಆಡುವುದು ಹೇಗೆ? ಮುಮ್ಮಡಿ ಕೃಷ್ಣರಾಜ ಒಡೆಯರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

1831ರಲ್ಲಿ ನಗರದ ರೈತದಂಗೆಯ ನೆಪ ಹೇಳಿ ಬ್ರಿಟಿಷರು ಅವರ ಆಡಳಿತವನ್ನು ಕಿತ್ತುಕೊಂಡರು. ದಂಡಿನ ಊರಾದ ಬೆಂಗಳೂರಿನಲ್ಲಿ ಕುಳಿತು ಕಮೀಷನರ್ ಮಾರ್ಕ್ ಕಬ್ಬನ್ ರಾಜ್ಯವಾಳಿದರು. ಅರಸರಿಗೆ ಉಳಿದದ್ದು ಮೈಸೂರಿನ ಅರಮನೆ, ಬಿರುದು, ಬಿಡುವು.

ಆ ಕಾಲದ ಫಲ 'ಶ್ರೀತತ್ತ್ವನಿಧಿ'. ಅದರ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರವಿದೆ. ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಅರಸರ 'ಛದ'ಗಳಲ್ಲಿ ಅದು 18 ಬಣ್ಣ, 360 ಎಲೆಗಳವರೆಗೆ ಬೆಳೆಯಿತು. ಎಲೆಗಳ ಮೇಲೆ ದೇವಾನುದೇವತೆಗಳು.

ಆದರೆ ಎಲೆ ಹಂಚಲು ಜನ ಬೇಕು. ಒಂಟಿಯಾಟಕ್ಕೆ ಅರಸರು ಹಿಡಿದದ್ದು ಚದುರಂಗದ ಕುದುರೆಯನ್ನು. 64 ಮನೆಗಳಲ್ಲಿ ಒಂದನ್ನೂ ಬಿಡದೆ, ಯಾವುದಕ್ಕೂ ಎರಡು ಸಲ ಕಾಲಿಡದೆ ಅದು ಸುತ್ತಬೇಕು. ಒಂಬತ್ತನೆಯ ಶತಮಾನದ ರುದ್ರಟನ 'ಕಾವ್ಯಾಲಂಕಾರ' ಬಲ್ಲ ಒಗಟು ಇದು. ಮೂಲೆಮನೆಗೆ ದಾರಿ ಎರಡೇ. ಒಂದು ಮುಚ್ಚಿತೆಂದರೆ ಒಳಹೊಕ್ಕ ಕುದುರೆ ಹೊರಬಾರದು. ಇಂಥ ಸುತ್ತುಗಳನ್ನು ಅರಸರು ಸ್ವತಃ ಹೆಣೆದರು.

ಕೆಲಸವಿಲ್ಲದ ದೊರೆಯ ಕಾಲಹರಣ ಇದು ಎನ್ನುವವರಿದ್ದಾರೆ. ಆದರೆ ಅದೇ ಅರಸರು ರಾಜ್ಯವನ್ನು ಮರಳಿ ಕೇಳುವುದನ್ನು ಎಂದೂ ಬಿಡಲಿಲ್ಲ. ದತ್ತುಪುತ್ರನ ಹಕ್ಕನ್ನು 1867ರಲ್ಲಿ ಬ್ರಿಟಿಷರು ಒಪ್ಪಿದರು. 1868ರಲ್ಲಿ ಅರಸರು ತೀರಿಕೊಂಡರು. 1881ರಲ್ಲಿ ರಾಜ್ಯ ಮನೆತನಕ್ಕೆ ಮರಳಿತು. ಮೂಲೆಗೆ ಸಿಕ್ಕವರು ಎರಡನೆಯ ದಾರಿಯನ್ನು ಮುಚ್ಚಗೊಟ್ಟಿರಲಿಲ್ಲ.